ಬಲಮೂಲೆಯ ಕಂಬ

ನನಗೆ ಹೆಜ್ಜೆ ಇಡಲು ಬರುವುದಿಲ್ಲ ಎಂದವನು ಸಂದೀಪ, ನನ್ನ ಅಣ್ಣನ ಮಗ. ಅವನ ಮೂಗು ಒರೆಸಿ, ಕೈಹಿಡಿದು ನಡೆಯಲು ಕಲಿಸಿದವಳೇ ನಾನು. ಈಗ ಬೈಲಹೊಂಗಲದ ಬಸ್‌ಸ್ಟ್ಯಾಂಡ್ ಹತ್ತಿರ ಫಿಜಿಯೋಥೆರಪಿ ಕ್ಲಿನಿಕ್ ಇಟ್ಟುಕೊಂಡು ನನಗೇ ಪಾಠ ಹೇಳಲು ಬಂದಿದ್ದ. ಸಿಟ್ಟು ಬರುವುದಿಲ್ಲವೇ? ಬಂತು. ನನ್ನ ಸಿಟ್ಟಿಗೆ ಇಷ್ಟು ದೊಡ್ಡ ಕಾರಣವೂ ಬೇಕಿಲ್ಲ. ಕಾಲೇಜಿನಲ್ಲಿ ನನ್ನ ಕೈಯಲ್ಲಿ ಗಣಿತ ಕಲಿತವರನ್ನು ಕೇಳಿ, ಹೇಳುತ್ತಾರೆ.

ತೊಂದರೆ ಇದ್ದದ್ದು ನನ್ನ ಬಲ ಮೊಣಕಾಲಿನಲ್ಲಿ. ಬ್ಯಾಡ್ಮಿಂಟನ್ ಎಂದರೆ ನನಗೆ ಜೀವ. ಆದರೆ ಬಲೆಯ ಹತ್ತಿರದ ಬಲಮೂಲೆಗೆ ಶಟಲ್ ಬಿದ್ದಾಗಲೆಲ್ಲ, ಅದನ್ನು ಎತ್ತಲು ಹೋದರೆ ಮೊಣಕಾಲು ಚುಳ್ ಎನ್ನುತ್ತಿತ್ತು. ಬೆಳಗಾವಿಯ ಡಾಕ್ಟರು ಆಟ ಬಿಟ್ಟು ವಾಕಿಂಗ್ ಮಾಡಿ ಅಂದರು. ವಾಕಿಂಗ್ ಅಂತೆ! ಕಿತ್ತೂರಿನಲ್ಲಿ ನಲವತ್ತು ದಾಟಿದ ಹೆಂಗಸರ ಪಂದ್ಯ ಹತ್ತಿರ ಬಂದಿತ್ತು. ಅಲ್ಲಿಗೆ ಸವದತ್ತಿಯ ಬೀರವ್ವ ಬರುತ್ತಾಳೆ. ಶಾಲೆಯಲ್ಲಿ ಆಟ ಕಲಿಸುವವಳು, ನನ್ನ ಹಳೆಯ ಗೆಳತಿ. ಪ್ರತಿ ವರ್ಷ ನನ್ನ ಬಲಮೂಲೆಗೆ ಶಟಲ್ ಮೆಲ್ಲಗೆ ಇಳಿಸಿ, ನಕ್ಕು, ಗೆದ್ದು, ಆಮೇಲೆ ನನಗೇ ಚಹಾ ಕುಡಿಸಿ ಹೋಗುವವಳು. ಅವಳನ್ನು ಒಮ್ಮೆಯಾದರೂ ಸೋಲಿಸದೆ ರಾಕೆಟ್ಟನ್ನು ಗೂಟಕ್ಕೆ ತೂಗುಹಾಕಲಾರೆ ಎಂದು ಹಟ ಹಿಡಿದಿದ್ದೆ.

ಸಂದೀಪ ತನ್ನ ಕ್ಲಿನಿಕ್ಕಿನ ಮಾಳಿಗೆಯ ಮೇಲೆ ನನ್ನನ್ನು ಆ ಮೂಲೆ ಈ ಮೂಲೆ ಓಡಿಸಿ ಮೊಬೈಲಿನಲ್ಲಿ ವಿಡಿಯೋ ತೆಗೆದ. ನಿಧಾನ ಮಾಡಿ ತೋರಿಸಿದ. ಎಲ್ಲ ಕಡೆ ನನ್ನ ಹೆಜ್ಜೆ ನೆಟ್ಟಗೇ ಇತ್ತು. ಬಲಮೂಲೆಗೆ ಹೋಗುವಾಗ ಮಾತ್ರ ಹೆಜ್ಜೆ ಗಿಡ್ಡವಾಗಿ, ಪಾದ ಒಳಕ್ಕೆ ಹೊರಳುತ್ತಿತ್ತು.

"ಮೈ ಹೊರಗ ಹೊಂಟೈತಿ, ಪಾದ ಒಳಗ ತಿರುಗೈತಿ. ನಡುವ ಸಿಕ್ಕ ಮೊಣಕಾಲು ಹಿಂಡಾಕ ಹತ್ತೈತಿ," ಅಂದ. "ಅತ್ತಿ, ಅಲ್ಲಿ ಏನ್ ತಪ್ಪಿಸ್ಕೊಳ್ಳಾಕ ಹತ್ತಿ?"

ಬೈಯಲು ಬಾಯಿ ತೆರೆದವಳಿಗೆ ಥಟ್ಟನೆ ಹೊಳೆಯಿತು. ಕಂಬ!

ನಮ್ಮ ಊರಿನ ಆಟದ ಅಂಗಳವೆಂದರೆ ಮಾರ್ಕೆಟ್ಟಿನ ಹಳೆಯ ಹತ್ತಿ ಗೋದಾಮು. ಬಲೆ ಕಟ್ಟಲು ಬೇರೆ ಗೂಟ ಯಾಕೆ ಎಂದು ಹಿರಿಯರು ಗೋದಾಮಿನ ಎರಡು ಕಲ್ಲಿನ ಕಂಬಗಳಿಗೇ ಬಲೆ ಕಟ್ಟಿದರು. ಗೆರೆಗೆ ಅಂಟಿಕೊಂಡೇ ಕಂಬ. ಬಲಮೂಲೆಗೆ ಉದ್ದ ಹೆಜ್ಜೆ ಇಟ್ಟರೆ ಭುಜ ಸುಲಿಯುತ್ತದೆ. ಅದಕ್ಕೇ ಅಲ್ಲಿ ಆಡಲು ಕಲಿತ ಬೈಲಹೊಂಗಲದವರೆಲ್ಲ ಕಂಬವೇ ಇಲ್ಲದ ಊರಲ್ಲೂ ಕಂಬಕ್ಕೆ ಅಂಜಿ ಹೆಜ್ಜೆ ಇಡುತ್ತೇವೆ. ಹಲಗೆಯ ಮೇಲೆ ಕೋನ ಬರೆದು ಬರೆದು ಸೀಮೆಸುಣ್ಣ ಸವೆಸಿದ ನನಗೆ ನನ್ನ ಪಾದದ ಕೋನ ಕಂಡಿರಲಿಲ್ಲ.

ಆಮೇಲೆ ದಿನಾ ಬೆಳಿಗ್ಗೆ ಸಂಪಗಾಂವದ ತವರುಮನೆಯ ಕಣದಲ್ಲಿ ಅಭ್ಯಾಸ. ಎದುರಾಳಿ ಹೊಡೆಯುವಾಗ ಒಂದು ಸಣ್ಣ ಜಿಗಿತ. ಮೊದಲು ಹಿಮ್ಮಡಿ ಊರಬೇಕು, ಬೆರಳು ಶಟಲ್ ಇದ್ದ ಕಡೆ ನೋಡಬೇಕು, ಮೊಣಕಾಲು ಬೆರಳಿನ ದಿಕ್ಕಿಗೇ ಬಾಗಬೇಕು. ವಾಪಸು ಬರುವಾಗ ತೊಡೆಯ ಬಲದಿಂದ ನೆಲ ಒದೆಯಬೇಕು. ಸಂದೀಪ ಹೇಳುತ್ತಿದ್ದ, ನಾನು ಬೈಯುತ್ತ ಮಾಡುತ್ತಿದ್ದೆ. ನನ್ನವ್ವ ಕೆಂಪವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿರುತ್ತಿದ್ದಳು. ಈಗ ಹೆಜ್ಜೆ ಕಲಿಯುತ್ತಿದ್ದೀ, ಹಲ್ಲು ಯಾವಾಗ ಬರುತ್ತವೆ ಎಂದು ಕೇಳಿ ಓಣಿಯನ್ನೆಲ್ಲ ನಗಿಸಿದಳು. ಆದರೆ ಮೊಣಕಾಲು ಸುಮ್ಮನಾಗುತ್ತ ಬಂತು. ಆ ಖುಷಿಗೆ ನಾನೂ ನಕ್ಕೆ.

ಕಿತ್ತೂರಿನಲ್ಲಿ ಫೈನಲ್ಲಿಗೆ ನಾನು ಮತ್ತು ಬೀರವ್ವನೇ ಬಂದೆವು. ಆಟಕ್ಕೆ ಮೊದಲು ಬೂಟಿನ ದಾರ ಕಟ್ಟುತ್ತ ಅವಳಿಗೆ ಕಂಬದ ಕಥೆ ಹೇಳಿದೆ. ಅವಳು ಹೊಟ್ಟೆ ಹಿಡಿದು ನಕ್ಕಳು. "ಪೂನಮ್, ಕುಣಿಯಾಕ ಬರದಾಕಿ ನೆಲ ಡೊಂಕ ಅಂದಳಂತ," ಅಂದಳು.

ಒಂದು ಆಟ ಅವಳದು, ಒಂದು ನನ್ನದು. ಮೂರನೆಯದರಲ್ಲಿ ಗೆಲ್ಲಲು ನನಗೆ ಒಂದೇ ಅಂಕ ಬೇಕಿದ್ದಾಗ ಅವಳು ತನ್ನ ಹಳೆಯ ಅಸ್ತ್ರ ತೆಗೆದಳು. ಶಟಲ್ ಬಲೆ ದಾಟಿ ನನ್ನ ಬಲಮೂಲೆಗೆ ಇಳಿಯತೊಡಗಿತು. ಅವಳು ಆಗಲೇ ನಗಲು ಶುರುಮಾಡಿದ್ದಳು. ನಾನು ಜಿಗಿದು, ಉದ್ದಕ್ಕೆ ಕಾಲು ಚಾಚಿದೆ. ಹಿಮ್ಮಡಿ ಊರಿತು, ಪಾದ ನೆಟ್ಟಗೆ ಕೂತಿತು, ಮೊಣಕಾಲು ಚಕಾರ ಎತ್ತಲಿಲ್ಲ. ಶಟಲ್ ಇನ್ನೂ ಬಲೆಯ ಎತ್ತರದಲ್ಲೇ ಸಿಕ್ಕಿತು. ಮೆಲ್ಲಗೆ ಆಚೆ ತಳ್ಳಿದೆ. ನಗುತ್ತಿದ್ದ ಬೀರವ್ವ ಜಾಗ ಬಿಟ್ಟು ಕದಲುವಷ್ಟರಲ್ಲಿ ಅದು ನೆಲಕ್ಕೆ ಬಿದ್ದಿತ್ತು.

ಬಲೆಯ ಕೆಳಗೆ ನುಗ್ಗಿ ಬಂದು ನನ್ನನ್ನು ತಬ್ಬಿಕೊಂಡಳು. "ಯವ್ವಾ, ಕಂಬ ಎಲ್ಲಿ ಬಿಟ್ಟ ಬಂದಿ?" ಅಂದಳು. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಆ ದಿನದ ಚಹಾ ನಾನು ಕುಡಿಸಿದೆ.

ಮರುದಿನ ಸಂಜೆ ಗೋದಾಮಿನಲ್ಲಿ ಎಲ್ಲರೂ ಸೇರಿದ್ದರು. ಪೇಢೆ ಹಂಚಿ ಆಯಿತು. ಬೀರವ್ವನನ್ನು ಕೆಡವಿದ ಹೆಜ್ಜೆ ತೋರಿಸು ಎಂದು ಒಬ್ಬರ ಮೇಲೊಬ್ಬರು ಬೆನ್ನುಹತ್ತಿದರು. ನಾನೇನು ಬೇಡ ಅನ್ನುವವಳೇ? ಸೆರಗು ಸಿಕ್ಕಿಸಿ, ಸಣ್ಣಗೆ ಜಿಗಿದು, ಬಲಮೂಲೆಗೆ ಉದ್ದಕ್ಕೆ ಹೆಜ್ಜೆ ಇಟ್ಟೆ.

ಹಣೆ ನೇರ ಕಂಬಕ್ಕೆ ಬಡಿಯಿತು.

ಎಲ್ಲರೂ ಓಡಿಬಂದರು. ಹಣೆಯ ಮೇಲೆ ನಿಂಬೆಕಾಯಿಯಷ್ಟು ಬುಗುಟು ಎದ್ದಿತ್ತು. ಸಂದೀಪ ಮಾತ್ರ ಹಣೆಯ ಕಡೆ ನೋಡದೆ ಕಾಲ ಬಳಿ ಕುಕ್ಕರಗಾಲಲ್ಲಿ ಕೂತ.

"ಅತ್ತಿ, ಮೊಣಕಾಲು?"

"ಗಟ್ಟಿ ಐತಿ," ಅಂದೆ, ಕಂಬವನ್ನು ತಬ್ಬಿಕೊಂಡು ನಗುತ್ತ. "ನಾಳಿ ಮುಂಜಾನೆ ಬಲಿ ಬಿಚ್ಚಿ, ಬ್ಯಾರೆ ಗೂಟ ನೆಟ್ಟು ಅಂಗಳದ ನಡುವ ಕಟ್ರಿ. ಇಲ್ಲಾಂದ್ರ ಊರ ಮಂದಿ ಹಣಿ ಉಳಿಯಂಗಿಲ್ಲ."