ನಾಲ್ಕರಿಂದ ಐದೂವರೆ

ಅಕ್ಕನಿಗೆ ಉಸಿರು ಕೊಡುವ ಯಂತ್ರದ ಪ್ರೋಗ್ರಾಂ ಬರೆದವನು ನಾನೇ. ಹಿಂದೆಲ್ಲ ಇದನ್ನು ಎದೆಯುಬ್ಬಿಸಿ ಹೇಳುತ್ತಿದ್ದೆ. ಅದರ ಚಿಪ್‌ನಲ್ಲಿ ನಾಲ್ಕು ಕೋರ್‌ಗಳು, ಅಂದರೆ ಒಟ್ಟಿಗೇ ದುಡಿಯುವ ನಾಲ್ಕು ಆಳುಗಳು. ಯಾವ ಕೆಲಸ ಯಾರಿಗೆ, ಯಾವಾಗ ಎಂದು ಹಂಚುವುದು ನನ್ನ ಹೊಟ್ಟೆಪಾಡು. ನಾಲ್ಕನೆಯದಕ್ಕೆ ಅಲಾರಂ ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ಕೊಳವೆ ಕಳಚಿದರೆ ಕೂಗಬೇಕು, ಅಷ್ಟೇ.

ಪರದೆಯ ಮೇಲೆ ಉಸಿರಿನ ಏರಿಳಿತ ತೋರಿಸುವ ಗೆರೆ ತಡವರಿಸುತ್ತದೆ, ನೋಡಲು ಚೆನ್ನಾಗಿಲ್ಲ ಎಂದು ಮ್ಯಾನೇಜರು ಗೊಣಗಿದರು. ನಾಲ್ಕನೆಯದು ಸುಮ್ಮನೆ ಕೂತಿದೆಯಲ್ಲ ಎಂದು ಗೆರೆ ಎಳೆಯುವ ಕೆಲಸವನ್ನೂ ಅದರ ತಲೆಗೆ ಕಟ್ಟಿದೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಜಾಣತನ ನನ್ನದೇ.

ಆಮೇಲೆ ಪರೀಕ್ಷೆಯಲ್ಲಿ ಒಂದು ಸಲ ಅಲಾರಂ ನಲವತ್ತು ಸೆಕೆಂಡು ತಡವಾಗಿ ಕೂಗಿತು. ಕಳ್ಳನನ್ನು ಹಿಡಿಯಲೆಂದು ಸಮಯ ಬರೆದಿಡುವ ಒಂದು ಸಾಲನ್ನು ಪ್ರೋಗ್ರಾಮಿಗೆ ಸೇರಿಸಿದೆ. ಸಾಲು ಇದ್ದಾಗ ತಪ್ಪು ನಾಪತ್ತೆ. ತೆಗೆದರೆ ಒಂಬತ್ತನೇ ದಿನಕ್ಕೋ ಹದಿನಾರನೇ ದಿನಕ್ಕೋ ಹಾಜರ್. ಆ ಸಾಲಿನಿಂದ ಕೆಲಸಗಳ ಹೊತ್ತು ಕೂದಲೆಳೆಯಷ್ಟು ಸರಿದಿತ್ತೇ ಹೊರತು ರೋಗ ವಾಸಿಯಾಗಿರಲಿಲ್ಲ. ಅದಿದ್ದರೆ ತೊಂದರೆ ಇಲ್ಲ ತಾನೆ, ಇರಲಿ ಬಿಡು ಎಂದರು ಮ್ಯಾನೇಜರು. ಬಿಟ್ಟೆ. ಇದನ್ನು ಅಳಿಸಬೇಡಿ ಎಂದು ಪಕ್ಕದಲ್ಲಿ ಟಿಪ್ಪಣಿ ಬೇರೆ ಬರೆದೆ, ನಾಚಿಕೆ ಇಲ್ಲದೆ. ಯಂತ್ರಗಳು ಮಾರಾಟಕ್ಕೆ ಹೋದವು. ಅಕ್ಕನ ಹಳೆಯ ಯಂತ್ರ ಗೊರಗೊರ ಸದ್ದು ಮಾಡುತ್ತದೆಂದು ಹಟ ಹಿಡಿದು, ಅದನ್ನು ಕಂಪನಿಗೆ ಮರಳಿಸಿ, ಹೊಸದನ್ನು ತಂದು ಮಂಚದ ಪಕ್ಕ ಇಟ್ಟವನೂ ನಾನೇ.

ಮೊನ್ನೆ ಪರೀಕ್ಷೆಯ ಮೇಜಿನ ಮೇಲೆ, ಸಾಲು ಇದ್ದೂ, ಅಲಾರಂ ಐವತ್ತೆರಡು ಸೆಕೆಂಡು ತಡವಾಯಿತು. ಕೊಳವೆ ಕಳಚಿದರೆ ಅಕ್ಕನ ಹತ್ತಿರ ಅಷ್ಟು ಹೊತ್ತು ಇಲ್ಲ. ಗೆರೆಯ ಕೆಲಸವನ್ನು ಮೊದಲಿದ್ದ ಕೋರ್‌ಗೇ ಹಾಕಿ ನೋಡಿದೆ. ಅಷ್ಟರಲ್ಲಿ ಅಲ್ಲಿ ಬೇರೆ ಕೆಲಸಗಳು ಬಂದು ತುಂಬಿದ್ದವು, ಉಸಿರಿನ ಲೆಕ್ಕವೇ ಎಡವತೊಡಗಿತು. ಯಂತ್ರಗಳನ್ನು ವಾಪಸ್ ತರಿಸಿ ಎಂದು ಬರೆದರೆ, ಪರಿಶೀಲನೆಯಲ್ಲಿದೆ ಎಂಬ ಉತ್ತರ. ಅಕ್ಕನ ಹಳೆಯದನ್ನು ಬಿಚ್ಚಿ ಗುಜರಿಗೆ ಹಾಕಿ ಆಗಿತ್ತು. ಬೇರೆ ಕಂಪನಿಯದಕ್ಕೆ ಐದು ತಿಂಗಳು ಕಾಯಬೇಕಂತೆ.

ಭಾವನಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಇನ್ಮೇಲೆ ಯಾರಾದ್ರೂ ಒಬ್ರು ಅವಳನ್ನೇ ನೋಡ್ತಾ ಕೂತಿರ್ಬೇಕು, ಅಷ್ಟೇ ತಾನೆ?" ಎಂದರು.

ಅಕ್ಕನ ಮಂಚದ ಮೇಲೆಯೇ ಹಾಳೆ ಹರಡಿ ಚೌಕ ಹಾಕಿದೆವು. ಇಪ್ಪತ್ನಾಲ್ಕು ಗಂಟೆ, ಇಬ್ಬರೇ ಆಳು. ಭಾವ ಬಸ್ ಡ್ರೈವರ್. ಸಂಜೆಯ ಪಾಳಿ ಕೇಳಿ ಪಡೆಯುವುದಾದರೂ ನಾಲ್ಕಕ್ಕೆ ಮನೆ ಬಿಡಬೇಕು. ಎಷ್ಟು ಬೇಗ ಹೊರಟರೂ ನಾನು ಕಚೇರಿಯಿಂದ ಮನೆ ಸೇರುವುದು ಐದೂವರೆಗೆ. ಹಂಚುವುದೇ ಕಸುಬಾದವನಿಗೆ ಆ ಒಂದೂವರೆ ಗಂಟೆ ಹಂಚಲಾಗಲಿಲ್ಲ. ಆ ಹೊತ್ತಿಗೆ ಅಲಾರಂ ಕೇಳಿದರೆ ಪಕ್ಕದ ಅಂಗಡಿಯ ಟೈಲರಮ್ಮ ಓಡಿ ಬರುತ್ತಾರೆ. ಕೇಳಿದರೆ.

ಅಕ್ಕನಿಗೆ ಆಡುವುದು ಬಲಗೈಯ ಎರಡು ಬೆರಳು ಮಾತ್ರ. ಹಾಳೆ ಇತ್ತ ಕೊಡು ಎಂದು ಸನ್ನೆ ಮಾಡಿದಳು. ಬೆರಳ ಸಂದಿಗೆ ಪೆನ್ನು ಸಿಕ್ಕಿಸಿದೆ. ಖಾಲಿ ಉಳಿದ ಚೌಕದಲ್ಲಿ, ಆಗಷ್ಟೇ ಅಕ್ಷರ ಕಲಿತವಳ ಹಾಗೆ, 'ನಾನು' ಎಂದು ಬರೆದಳು.

ಭಾವ ಎದ್ದು ಹೊರಗೆ ಹೋದರು. ಅವಳು ಬರೆದದ್ದಕ್ಕಿಂತ ಒಳ್ಳೆಯ ದಾರಿ ನನಗೂ ತೋಚಲಿಲ್ಲ. ಹಾಳೆಯನ್ನು ಅವಳ ಕಣ್ಣಿಗೆ ಬೀಳುವಂತೆ ಗೋಡೆಗೆ ಅಂಟಿಸಿದೆ.