ಉಸಿರಿಗೆ ಎರಡು ಬೆರಳು

"ಉಸಿರು ಎಳ್ಕೊಳ್ಳಿ ಭಾವ, ಎದೆ ತುಂಬ," ಎಂದು ದರ್ಜಿ ಟೇಪು ಸುತ್ತಿದ.

"ಯಾಕೋ? ಈ ಅಂಗಿ ಹಾಕೋ ಹೊತ್ತಿಗೆ ಉಸಿರೇ ಇರಲ್ಲ. ಮೈ ಮುಚ್ಚಿದರೆ ಸಾಕು."

ಭಾವ ತಂದಿದ್ದು ಬಾದಾಮಿ ಬಣ್ಣದ ಬಟ್ಟೆ. ದರ್ಜಿಯ ಅಕ್ಕ ಬದುಕಿದ್ದಾಗ ಗಂಡನಿಗೆಂದು ಆಸೆಪಟ್ಟು ಕೊಂಡದ್ದು. ಒಳ್ಳೆಯ ದಿನ ಬರಲಿ, ಹೊಲಿಸೋಣ ಎಂದು ಭಾವ ಅದನ್ನು ಪೆಟ್ಟಿಗೆಗೆ ಸೇರಿಸಿದರು; ಅಷ್ಟರಲ್ಲಿ ಅಕ್ಕನೇ ಹೋಗಿಬಿಟ್ಟಳು. ಈಗ, ತಾವು ಸತ್ತ ದಿನ ಅದನ್ನೇ ತೊಡಿಸಿ ಮಣ್ಣು ಮಾಡಬೇಕೆಂದು ಹಟ.

"ಮೊಮ್ಮಗಳು ಓದಿ ಹೇಳಿದಳು ಕಣೋ. ಬಹಳ ಹಿಂದೆ ಯಾವುದೋ ದೇಶದಲ್ಲಿ, ದೊಡ್ಡವರ ಮನೆ ಔತಣದಲ್ಲಿ ಮರದಲ್ಲಿ ಕೆತ್ತಿದ ಹೆಣ ತಂದು ಎಲ್ಲರಿಗೂ ತೋರಿಸ್ತಿದ್ರಂತೆ, ನೀನೂ ಹೀಗೇ ಆಗ್ತೀಯ ಅಂತ. ತಯಾರಿ ಅಂದ್ರೆ ಅದು!"

"ತೋರಿಸಿದ ಮೇಲೆ? ಎಲ್ಲರೂ ಊಟ ಬಿಟ್ಟು ಎದ್ದು ಹೋಗ್ತಿದ್ರಾ?"

ಭಾವ ತಲೆ ಕೆರೆದುಕೊಂಡರು. "ಇಲ್ಲ... ಅದಕ್ಕೇ ಈಗ ಚೆನ್ನಾಗಿ ತಿನ್ನಿ, ಕುಡೀರಿ ಅಂತಿದ್ರಂತೆ."

"ಆ ಅರ್ಧ ನಿಮ್ಮ ಕಿವಿಗೆ ಬೀಳಲಿಲ್ಲ ನೋಡಿ."

"ಬಾಯಿ ಮುಚ್ಕೊಂಡು ಅಳತೆ ತಗೋ. ಜೇಬು ಬೇಡ. ಅಲ್ಲಿಗೇನು ಒಯ್ಯೋದಿದೆ?"

ದರ್ಜಿ ಅಳತೆ ಬರೆದುಕೊಂಡ. ಬಟ್ಟೆ ಕೊಂಡ ದಿನ ಅಕ್ಕ ನೇರ ಈ ಅಂಗಡಿಗೇ ಬಂದು, ಗಂಡನಿಗೆ ಹೇಗೆ ಒಪ್ಪೀತೆಂದು ತಮ್ಮನ ಹೆಗಲ ಮೇಲೆ ಹಾಕಿ ನೋಡಿ ನಕ್ಕಿದ್ದಳು. ಅದು ಒಂದು ದಿನವೂ ಬಿಸಿಲು ಕಾಣದೆ ಮಣ್ಣು ಸೇರುವುದೆಂದರೆ ಅವನಿಗೆ ಒಪ್ಪಿಗೆಯಾಗಲಿಲ್ಲ. ಕತ್ತರಿಸುವಾಗ, ಬದುಕಿರುವವರ ಅಂಗಿಗೆ ಬಿಡುವಂತೆಯೇ, ಎದೆಯ ಸುತ್ತ ಉಸಿರಿಗೆಂದು ಎರಡು ಬೆರಳು ಜಾಗ ಬಿಟ್ಟ. ಜೇಬನ್ನೂ ಇಟ್ಟ.

ವಾರ ಕಳೆದು ಬಂದ ಭಾವ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತರು. ತೋಳು ಎತ್ತಿದರು, ಇಳಿಸಿದರು. ಅವರಿಗೇ ತಿಳಿಯದಂತೆ ಒಂದು ದೊಡ್ಡ ಉಸಿರು ಒಳಗೆ ಹೋಯಿತು. ಒಂದು ಗುಂಡಿಯೂ ಬಿಗಿಯಲಿಲ್ಲ.

"ಸಡಿಲ ಮಾಡಿದ್ದೀಯ."

"ಹೂಂ."

"ಜೇಬು ಬೇರೆ."

"ಬಿಚ್ಚಿ ಕೊಡಿ, ಈಗಲೇ ಕಿತ್ತು ಹಾಕ್ತೀನಿ." ದರ್ಜಿ ಕೈ ಚಾಚಿದ.

ಭಾವ ಕಾಲರು ಸರಿಮಾಡಿಕೊಂಡರು. "ನಿಮ್ಮಕ್ಕನಿಗೆ ನನಗೊಪ್ಪೋ ಬಣ್ಣ ಗೊತ್ತಿತ್ತು ಕಣೋ," ಎಂದರು. ಜೇಬಿನ ಮೇಲೆ ಕೈಯಾಡಿಸಿ, "ಇರಲಿ, ಮನೆಗೆ ಹೋಗಿ ಬಿಚ್ಚಿದರಾಯ್ತು."

ಹಳೆಯ ಅಂಗಿ ಗೂಟದಲ್ಲೇ ಉಳಿಯಿತು. ದರ್ಜಿ ಬಾಗಿಲಿಗೆ ಬಂದು ನೋಡಿದ. ಭಾವ ಮನೆಯ ದಾರಿ ಬಿಟ್ಟು ಪೇಟೆಯ ಕಡೆ ತಿರುಗಿದ್ದರು. ಮೂಲೆಯಲ್ಲಿ ಕಡಲೆಕಾಯಿ ಹುರಿಯುವವಳ ಮುಂದೆ ನಿಂತು, ಪೊಟ್ಟಣ ಬೇಡವೆಂದು ತಲೆಯಾಡಿಸಿ, ಜೇಬಿನ ಬಾಯನ್ನು ಎರಡು ಬೆರಳಲ್ಲಿ ಅಗಲಿಸಿ ಹಿಡಿದರು.