ಜಾಯಿಂಟ್ ವೀಲಿನ ಮೇಲೆ ಇನ್ನೂ ಹಗಲು

೧

ಎಲ್ಲಿಂದ ಶುರು ಮಾಡುವುದು? ಹಳೆಯ ಕಾವ್ಯಗಳಿಗೆ ಈ ತಾಪತ್ರಯ ಇರಲಿಲ್ಲ. ಮೊದಲು ಜಿನಸ್ತುತಿ, ಆಮೇಲೆ ಹಿಂದಿನ ಕವಿಗಳ ಸ್ತುತಿ, ಆಮೇಲೆ ಕೆಟ್ಟ ಕವಿಗಳಿಗೆ ನಾಲ್ಕು ಮಾತು, ಅದಾದ ಮೇಲೆ ಸಮುದ್ರ. ಸಮುದ್ರದಿಂದ ದ್ವೀಪ, ದ್ವೀಪದಿಂದ ನಾಡು, ನಾಡಿನಿಂದ ಪಟ್ಟಣ. ಕೇಳುವವರು ದಾರಿ ತಪ್ಪುವ ಪ್ರಶ್ನೆಯೇ ಇರಲಿಲ್ಲ.

ನನ್ನ ಬಳಿ ಇರುವ ಸಮುದ್ರ ಒಂದು ವೇವ್ ಪೂಲ್. ಆಳ ಮೂರೂವರೆ ಅಡಿ. ಗಂಟೆಗೊಮ್ಮೆ ಸೈರನ್ ಕೂಗಿದ ಮೇಲೆ ಅಲೆ ಏಳುತ್ತದೆ, ಹತ್ತು ನಿಮಿಷ ಕಳೆದು ತಾನಾಗಿ ಮಲಗುತ್ತದೆ.

(ಈ ಥೀಮ್ ಪಾರ್ಕನ್ನು ತೋಡಾರಿನಿಂದ ಸ್ವಲ್ಪ ಆಚೆ ನಾನೇ ಕಟ್ಟಿಸಿದ್ದು, ಕಾಗದದ ಮೇಲೆ. ಗೂಗಲ್ ಮ್ಯಾಪಿನಲ್ಲಿ ಹುಡುಕಬೇಡಿ, ಸುಮ್ಮನೆ ಯಾರದೋ ಗದ್ದೆಗೆ ಕರೆದುಕೊಂಡು ಹೋಗುತ್ತದೆ.)

ಇರಲಿ, ಸಮುದ್ರದಿಂದಲೇ ತೊಡಗಿದೆ: “ಡಿಸೆಂಬರ್ ರಜೆಯ ಆ ಶನಿವಾರ ವೇವ್ ಪೂಲಿನಲ್ಲಿ ನೀರಿಗಿಂತ ಜನವೇ ಹೆಚ್ಚು. ಸಂತೋಷವನ್ನು ಟಿಕೆಟ್ಟಿಗೆ ಕೊಳ್ಳಲು ಬಂದ ಪಾಪದ ಜನ...”

ಇಷ್ಟಕ್ಕೇ ರಾಜಮತಿ ಅಮ್ಮ ನನ್ನನ್ನು ತಡೆದರು.

೨

ರಾಜಮತಿ ಅಮ್ಮ ಈ ಕಥೆಯ ಮುಖ್ಯ ವ್ಯಕ್ತಿ. ವೇಣೂರಿನವರು, ಎಪ್ಪತ್ತೊಂದು ವರ್ಷ. ನಲ್ವತ್ತು ವರ್ಷಗಳಿಂದ ಸೂರ್ಯ ಮುಳುಗಿದ ಮೇಲೆ ಬಾಯಿಗೆ ಒಂದು ಅಗುಳು ಹಾಕಿದವರಲ್ಲ. ಬಸದಿಯಲ್ಲಿ ಪುರಾಣ ಓದಿಸಿದರೆ ಕಂಬಕ್ಕೆ ಒರಗದೆ ಮೂರು ಗಂಟೆ ಕೂತು ಕೇಳುವವರು. ಅವರಾಡುವುದು ತುಳು. ಬರೆಯುವ ನನ್ನ ಅನುಕೂಲಕ್ಕೆ ಕನ್ನಡದಲ್ಲಿ ಮಾತಾಡಲು ಒಪ್ಪಿದ್ದಾರೆ.

“ಪಾಪದ ಜನ ಅಂತ ಯಾರಿಗೆ ಹೇಳುವುದು ನೀವು?” ಎಂದರು. ಪೂಲಿನ ಅಂಚಿನಲ್ಲಿ, ಸೀರೆಯನ್ನು ಪಾದದಿಂದ ನಾಲ್ಕು ಬೆರಳು ಎತ್ತಿ ಹಿಡಿದು ನಿಂತಿದ್ದರು. “ಆ ಟ್ಯೂಬು ನೋಡಿ. ಅದರಲ್ಲಿ ಕೂತದ್ದು ನಮ್ಮ ಪೇಟೆಯ ಪೊಲೀಸು. ಹಿಂದಿನಿಂದ ನೂಕುವುದು ಹೆಚ್ಚು ಜನ ಹತ್ತಿಸಿದ್ದಕ್ಕೆ ಅವನಿಂದ ಫೈನು ಹಾಕಿಸಿಕೊಂಡ ರಿಕ್ಷಾದವ. ಇಬ್ಬರೂ ನಗ್ತಾರೆ. ಸಮವಸರಣದಲ್ಲಿ, ಜಿನ ಉಪದೇಶ ಕೊಡುವ ಸಭೆಯಲ್ಲಿ, ಹುಲಿಯ ಹತ್ತಿರ ಜಿಂಕೆ ಕೂತಿತ್ತು ಅಂತ ಓದುವಾಗ ನಾನು ಕಣ್ಣು ಮುಚ್ಚಿ ಕೇಳ್ತಿದ್ದೆ. ಹೋಲಿಸಬಾರದು, ಗೊತ್ತುಂಟು. ಆದರೆ ನೆನಪಾಯಿತು.”

ಈ ಬಗೆಯ ಕಥೆಯಲ್ಲಿ ವ್ಯಂಗ್ಯ ಇರಬೇಕಂತೆ. ‘ಗ್ರಾಹಕ ಸಂಸ್ಕೃತಿ’ ಎಂಬ ಶಬ್ದವನ್ನು ಮೂರು ಕಡೆ ಕೂರಿಸಿ ಇಟ್ಟಿದ್ದೆ. ಮೂರನ್ನೂ ಎಬ್ಬಿಸಿ ಕಳುಹಿಸಿದೆ.

೩

ಅಂದು ಬೆಳಿಗ್ಗೆ ನಡೆದದ್ದು ಮೊದಲೇ ಬರಬೇಕಿತ್ತು. (ಡ್ರಾಫ್ಟ್ ಎರಡರಲ್ಲಿ ಮೊದಲೇ ಬಂದಿತ್ತು. ತುಂಬಾ ಅಚ್ಚುಕಟ್ಟಾಗಿ ಕಂಡದ್ದರಿಂದ ಹರಿದು ಹಾಕಿದೆ.)

ಮೊಮ್ಮಗಳು ಸಾಧನಾಗೆ ಒಂಬತ್ತು ವರ್ಷ. ಪಾರ್ಕಿಗೆ ಹೊರಡುವ ಮೊದಲು ಅಜ್ಜಿಯ ಜೊತೆ ಬಸದಿಗೆ ಹೋದವಳು ಕೈ ಮುಗಿದು, ಯಾರೂ ಹೇಳಿಕೊಡದೆ, ದೊಡ್ಡದಾಗಿ ಹೇಳಿಬಿಟ್ಟಳು: “ಇವತ್ತು ನಾನೂ ಅಜ್ಜಿಯ ಹಾಗೆ. ಸೂರ್ಯ ಮುಳುಗಿದ ಮೇಲೆ ತಿನ್ನುವುದಿಲ್ಲ.”

“ಇವತ್ತು ಬೇಡ ಮಗಾ. ಇವತ್ತು ಪಾರ್ಕು. ನಾಳೆ ತೆಗೊ.”

“ತೆಗೊಂಡಾಯ್ತಲ್ಲ ಅಜ್ಜಿ.”

ಕಾರು ಓಡಿಸುತ್ತಿದ್ದ ಸೊಸೆ ಮೇಘಾ ಕನ್ನಡಿಯಲ್ಲಿ ಅತ್ತೆಯ ಮುಖ ನೋಡಿದಳು. “ಒಂದು ದಿನ ತಪ್ಪಿದರೆ ಏನಾಗ್ತದೆ ಅತ್ತೆ? ಮಗು ಅಲ್ವಾ?”

“ಏನೂ ಆಗುವುದಿಲ್ಲ ಮೇಘಾ. ನನಗೆ ಅದೇ ಹೆದರಿಕೆ.”

ತಾನು ಒಂದು ಹೊತ್ತು ಉಪವಾಸ ಬಿದ್ದರೆ ರಾಜಮತಿ ಅಮ್ಮನಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಇದು ಮಗುವಿನ ಮೊದಲನೆಯ ನಿಯಮ. ಮೊದಲನೆಯದೇ ಮುರಿದು, ಆಕಾಶ ಇದ್ದಲ್ಲೇ ಇದ್ದು, ಮರುದಿನ ಎಂದಿನಂತೆ ಬೆಳಗಾದರೆ, ಮಾತು ಕೊಡುವುದೆಂದರೆ ಇಷ್ಟೇ ಎಂದು ಮಗುವಿಗೆ ಗೊತ್ತಾಗಿಬಿಡುತ್ತದೆ. ಹಸಿವಿನಿಂದ ನಿಯಮವೇ ಬೇಡವೆನಿಸಿದರೆ ಅದೂ ನಷ್ಟವೇ. ಎರಡಕ್ಕೂ ಒಂದೇ ಮದ್ದು. ಬೆಳಕಿರುವಾಗ ಮಗುವಿನ ಹೊಟ್ಟೆ ತುಂಬಬೇಕು.

೪

ಗೇಟಿನಲ್ಲಿ ಬ್ಯಾಗ್ ತಪಾಸಣೆ ಮಾಡುವವಳು ಜುಲೈಕಾ.

“ಹೊರಗಿನ ತಿಂಡಿ ಬಿಡ್ಲಿಕ್ಕಿಲ್ಲ ಅಮ್ಮ.”

“ಒಳಗೆ ಎಲ್ಲದಕ್ಕೂ ನೀರುಳ್ಳಿ, ಬೆಳ್ಳುಳ್ಳಿ. ಇದರಲ್ಲಿ ನಾಲ್ಕು ಮೂಡೆ, ಎಲೆಯಲ್ಲಿ ಬೇಯಿಸಿದ ಇಡ್ಲಿ, ಮತ್ತೆ ಬೆಲ್ಲ. ಈ ಮಗುವಿಗೆ ಸೂರ್ಯ ಮುಳುಗುವ ಮೊದಲು ಊಟ ಆಗಬೇಕು. ನಿಯಮ ತೆಗೊಂಡಿದ್ದಾಳೆ.”

ಜುಲೈಕಾ ಡಬ್ಬಿಯ ಮುಚ್ಚಳ ತೆರೆದು ನೋಡಿದಳು, ಆಮೇಲೆ ಸಾಧನಾಳನ್ನು ನೋಡಿದಳು. “ರಂಜಾನ್ ನೋಂಬಿನಲ್ಲಿ ನಮಗೆ ಮುಳುಗಿದ ಮೇಲೆ, ನಿಮಗೆ ಮುಳುಗುವ ಮೊದಲು. ಒಟ್ಟು ಎಲ್ಲರೂ ಆಕಾಶ ನೋಡುವುದೇ.” ಮುಚ್ಚಳ ಒತ್ತಿ ಡಬ್ಬಿಯನ್ನು ಬ್ಯಾಗಿನ ತಳಕ್ಕೆ ತಳ್ಳಿದಳು. “ಇವತ್ತು ಆರು ಹನ್ನೊಂದಕ್ಕೆ. ನೆನಪಿರಲಿ ಆಯ್ತಾ ಪುಟ್ಟಾ.”

(ಇಲ್ಲಿ ಸೌಹಾರ್ದದ ಬಗ್ಗೆ ಒಂದು ಒಳ್ಳೆಯ ಪ್ಯಾರಾ ಬರೆದಿದ್ದೆ. “ಹಿಂದೆ ಲೈನ್ ಉಂಟು, ಬೇಗ ಬೇಗ” ಎಂದು ಜುಲೈಕಾ ನನ್ನನ್ನೂ ಮುಂದೆ ನೂಕಿದಳು. ಪ್ಯಾರಾ ಗೇಟಿನ ಹೊರಗೇ ಉಳಿಯಿತು.)

೫

ಆ ದಿನ ರಾಜಮತಿ ಅಮ್ಮ ಮೆಚ್ಚಿದ್ದನ್ನೆಲ್ಲ ಬರೆದರೆ ಹಳೆಯ ಕಾವ್ಯಗಳ ಹದಿನೆಂಟು ವರ್ಣನೆಗಳೂ ಸಾಲವು. ಜಾರುಬಂಡಿಯ ಬಾಯಿಂದ ಮಕ್ಕಳು ಒಬ್ಬೊಬ್ಬರೇ ಹೊಸದಾಗಿ ಹುಟ್ಟಿದವರ ಹಾಗೆ ಕಣ್ಣುಜ್ಜುತ್ತಾ ಬಂದು ಬೀಳುವುದು. ಒದ್ದೆ ಬಟ್ಟೆಯ ಗಂಡಸರು ಐಸ್‌ಕ್ರೀಮನ್ನು ದೀಪ ಹಿಡಿದಂತೆ ಎರಡು ಕೈಯಲ್ಲಿ ಕಾಪಾಡಿಕೊಂಡು ನಡೆಯುವುದು. ಮಧ್ಯಾಹ್ನ ತಾನೇ ಗಿರಗಿರ ತಿರುಗುವ ಟೋರಾ ಟೋರಾ ಹತ್ತಿ, ಇಳಿದ ಮೇಲೆ, “ಭವಚಕ್ರ ಅಂದರೆ ಇದೇ. ಆದರೆ ಬೆಲ್ಟು ಉಂಟು,” ಎಂದರು.

ನಾಲ್ಕೂ ಇಪ್ಪತ್ತಕ್ಕೆ ಅಜ್ಜಿ, ಮೊಮ್ಮಗಳು ಜಾಯಿಂಟ್ ವೀಲಿನ ಸಾಲಿನಲ್ಲಿ ನಿಂತರು. ಬೋರ್ಡಿನಲ್ಲಿ ‘ಇಲ್ಲಿಂದ ೪೫ ನಿಮಿಷ’ ಎಂದಿತ್ತು. ಐದೂ ಕಾಲಿಗೆ ಇಳಿದು ಕಲ್ಲುಬೆಂಚಿನಲ್ಲಿ ಕೂತು ಊಟ ಎಂದು ತೀರ್ಮಾನ. ಐದೂವರೆಗೆ ಅರ್ಧ ಸಾಲು ಮಾತ್ರ ಕರಗಿತ್ತು. ಹೊರಗೆ ಹೋದವರು ಮತ್ತೆ ಹಿಂದಿನಿಂದಲೇ ಬರಬೇಕು, ಅದೂ ಬೋರ್ಡಿನಲ್ಲಿತ್ತು.

ಕಂಬಿಯ ಆಚೆಯಿಂದ ಮೇಘಾ ಕೂಗಿದಳು, “ಸಾಧನಾ, ವೀಲಾ ಊಟವಾ? ಒಂದು ಹೇಳು.”

“ಎರಡೂ!”

ಐದೂ ಮುಕ್ಕಾಲಿಗೆ ಮಗುವಿನ ಹೊಟ್ಟೆ ಗುರ್ ಎಂದದ್ದು ಅಜ್ಜಿಗೆ ಕೇಳಿಸಿತು. “ಇಲ್ಲೇ ತಿನ್ನುವ ಅಜ್ಜಿ.”

“ನಿಂತು ಉಣ್ಣುವುದು ನಮ್ಮ ದಿಗಂಬರ ಮುನಿಗಳು ಮಾರಾಯ್ತಿ. ನಾವು ಅಷ್ಟು ದೊಡ್ಡವರಾ?”

ಹಿಂದಿದ್ದವನೊಬ್ಬ, “ಅಲ್ಲ ಅಮ್ಮ, ಬೀದಿಯಲ್ಲಿ ಚುರುಮುರಿ ತಿನ್ನುವವರೆಲ್ಲ ಮುನಿಗಳೇ ಹಾಗಾದರೆ?” ಎಂದು ನಕ್ಕ. ರಾಜಮತಿ ಅಮ್ಮನೂ ನಕ್ಕರು. ಡಬ್ಬಿ ಮಾತ್ರ ತೆರೆಯಲಿಲ್ಲ. ಕೆಳಗೆ ಕೂರಲು ಜಾಗವಿರಲಿಲ್ಲ. ನೆಲ ಒದ್ದೆ, ಹಿಂದೆ ಮುಂದೆ ಮೊಣಕಾಲುಗಳು.

ಇನ್ನು ಕೂರುವ ಜಾಗವೆಂದರೆ ವೀಲಿನ ತೊಟ್ಟಿಲೇ.

೬

ಕಥೆಗೆ ಒಂದು ತಿರುವು ಬೇಕೆಂದು ಇಲ್ಲಿ ಕರೆಂಟ್ ತೆಗೆದೆ. ಅಜ್ಜಿ, ಮೊಮ್ಮಗಳು ನಡು ಆಕಾಶದಲ್ಲಿ ಸಿಕ್ಕಿಬೀಳಬೇಕಿತ್ತು. ವೀಲ್ ನಡೆಸುವ ಶಮೀರ್ ಒಪ್ಪಲಿಲ್ಲ.

“ಕರೆಂಟ್ ಹೋದರೆ ಜನರೇಟರ್ ಉಂಟು ಸರ್. ಅದೂ ಹೋದರೆ ಕೈಯಲ್ಲಿ ತಿರುಗಿಸಿ ಇಳಿಸ್ತೇವೆ. ಆರು ವರ್ಷದಲ್ಲಿ ಒಬ್ಬನೂ ಮೇಲೆ ಉಳಿದದ್ದಿಲ್ಲ. ಕಥೆಗೆ ಬೇಕು ಅಂತ ನನ್ನ ಹೆಸರು ಹಾಳು ಮಾಡಬೇಡಿ.”

ಪ್ರತಿ ತೊಟ್ಟಿಲಿನ ಚಿಲಕ ಹಾಕಿ, ಎರಡು ಸಲ ಎಳೆದು ನೋಡುತ್ತಿದ್ದ. ಖಾಲಿ ಹೋಗುವ ತೊಟ್ಟಿಲಿಗೂ ಎರಡು ಸಲ. ಅದನ್ನು ಕಂಡ ಮೇಲೆ ನಾನು ಕರೆಂಟ್ ವಾಪಸ್ ಕೊಟ್ಟೆ.

ಮತ್ತೊಂದು ಉಪಾಯ ನನ್ನ ಕೈಯಲ್ಲೇ ಇತ್ತು. “ರಾಜಮತಿ ಅಮ್ಮ, ಸೂರ್ಯಾಸ್ತವನ್ನು ಅರ್ಧ ಗಂಟೆ ಮುಂದೆ ಹಾಕುತ್ತೇನೆ. ಒಂದು ವಾಕ್ಯದ ಕೆಲಸ.”

ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಸೂರ್ಯನನ್ನು ಮುಟ್ಟಬೇಡಿ. ಮಗು ಮಾತು ಕೊಟ್ಟದ್ದು ಅವನನ್ನು ನಂಬಿ, ನಿಮ್ಮನ್ನಲ್ಲ.”

೭

ಶಮೀರ್ ಇವರ ಚಿಲಕವನ್ನು ಎರಡು ಸಲ ಎಳೆಯುವಾಗ ಆರು ಗಂಟೆ ಎಂಟು ನಿಮಿಷ. ಪಡುವಣದ ಗುಡ್ಡದ ಹಿಂದಕ್ಕೆ ಸೂರ್ಯ ಹೋಗಿಯಾಗಿತ್ತು. ಪಾರ್ಕಿನ ಬಣ್ಣದ ದೀಪಗಳು ಒಟ್ಟಿಗೇ ಹೊತ್ತಿಕೊಂಡವು. ಜನ ಓ ಎಂದರು.

“ಮುಳುಗಿತು ಅಜ್ಜಿ,” ಎಂದಳು ಸಾಧನಾ. ಅಳಲಿಲ್ಲ. ಬ್ಯಾಗನ್ನು ಮಡಿಲಿನಿಂದ ಎತ್ತಿ ಪಕ್ಕಕ್ಕೆ ಇಟ್ಟಳು.

ಜನ ಹತ್ತಿಸಿಕೊಳ್ಳಲು ನಿಲ್ಲುತ್ತಾ, ಒಂದೊಂದೇ ತೊಟ್ಟಿಲಿನಷ್ಟು ಚಕ್ರ ಏರಿತು. ತೆಂಗಿನ ತಲೆಗಳು ಕೆಳಗಾದವು. ಮೊಬೈಲ್ ಟವರು ಕೆಳಗಾಯಿತು. ಗುಡ್ಡದ ಬೆನ್ನು ಬಾಗಿತು. ಅಲ್ಲಿ, ಗುಡ್ಡದಾಚೆ, ಸಮುದ್ರವೋ ಮೋಡವೋ ಗೊತ್ತಾಗದ ಒಂದು ಗೆರೆಯ ಮೇಲೆ, ಸೂರ್ಯ ಕೂತಿದ್ದ. ಮುಕ್ಕಾಲು ಭಾಗ.

“ಅಜ್ಜಿ, ವಾಪಸ್ ಬಂತು.”

ಪಡುವಣದಲ್ಲಿ ಸೂರ್ಯೋದಯ. ಯಾವ ಕಾವ್ಯದಲ್ಲೂ ಕೇಳಿದ್ದಿಲ್ಲ. ತೊಟ್ಟಿಲು ತುತ್ತತುದಿಗೆ ಬಂದು ನಿಂತಿತು. ರಾಜಮತಿ ಅಮ್ಮ ಡಬ್ಬಿ ತೆರೆದರು, ಬಾಟಲಿಯ ನೀರಿನಲ್ಲಿ ಮಗುವಿನ ಕೈ ತೊಳೆಸಿದರು, ಮೂಡೆಯ ಎಲೆ ಬಿಡಿಸಿ ಒಂದು ತುಂಡು ಅಂಗೈಗೆ ಇಟ್ಟರು.

ಸಾಧನಾ ತಿನ್ನಲಿಲ್ಲ. ಕೆಳಗೆ ಬಗ್ಗಿ ದೀಪಗಳನ್ನು ನೋಡಿದಳು, ತಲೆಯೆತ್ತಿ ಸೂರ್ಯನನ್ನು ನೋಡಿದಳು.

“ಕೆಳಗೆ ಮುಳುಗಿ ಆಗಿದೆ. ಮೇಲೆ ಉಂಟು. ಅಮ್ಮ ಕೆಳಗೆ ಇದ್ದಾಳೆ, ನಾನು ಮೇಲೆ. ನನ್ನದು ಯಾವುದು ಅಜ್ಜಿ?”

ರಾಜಮತಿ ಅಮ್ಮ ತಾನು ಕೇಳಿದ ಪುರಾಣಗಳನ್ನೆಲ್ಲ ಒಮ್ಮೆ ನಡೆದು ಬಂದರು. ವಿಮಾನದಲ್ಲಿ ಹಾರುವ ವಿದ್ಯಾಧರರು ಎಷ್ಟೊಂದು ಮಂದಿ. ಅವರು ಸಂಜೆಯ ಊಟಕ್ಕೆ ಎಲ್ಲಿಯ ಸೂರ್ಯನನ್ನು ನೋಡುತ್ತಿದ್ದರು? ಓದಿದವರು ಹೇಳಿರಲಿಲ್ಲ. ಕೇಳಿದವರು ಕೇಳಿರಲಿಲ್ಲ. ನಲ್ವತ್ತು ವರ್ಷ ಕೂತು ಕೇಳಿದ ತನಗೆ ಹೊಳೆಯದ ಪ್ರಶ್ನೆ, ನಿಯಮ ತೆಗೆದುಕೊಂಡು ಒಂದು ಹಗಲೂ ತುಂಬದ ಈ ಕೂಸಿಗೆ ಹೊಳೆದಿದೆ. ಹಸಿದ ಹೊಟ್ಟೆಯಲ್ಲಿ, ಕೈಯಲ್ಲಿ ತುತ್ತು ಇಟ್ಟುಕೊಂಡು ಕೇಳುತ್ತಿದೆ. ಮೊಮ್ಮಗಳಿಗೆ ಕೈ ಮುಗಿಯಬೇಕೆನಿಸಿತು. ಮಗು ನಕ್ಕೀತೆಂದು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡರು.

“ನನಗೆ ಗೊತ್ತಿಲ್ಲ ಮಗಾ. ಮಾತು ಕೊಟ್ಟದ್ದು ನೀನು. ನೀನೇ ನೋಡು, ನೀನೇ ಹೇಳು. ತಿಂದರೂ ನಾನು ಬೈಯುವುದಿಲ್ಲ, ಬಿಟ್ಟರೂ ಹೊಗಳುವುದಿಲ್ಲ.”

೮

ಮುಕ್ತಾಯ ಅ: ಅವಳು ತಿಂದಳು. ಕೊನೆಯ ತುತ್ತಿಗೆ ಸರಿಯಾಗಿ ಕೊನೆಯ ಕಿರಣ. (ಬಹಳ ಚಂದ. ಅದಕ್ಕೇ ಅನುಮಾನ.)

ಮುಕ್ತಾಯ ಆ: ಅವಳು ತುಂಡನ್ನು ಡಬ್ಬಿಗೆ ಹಾಕಿ, “ನಾನು ಕೆಳಗಿನವಳು,” ಎಂದಳು. ಮನೆ ಮುಟ್ಟುವವರೆಗೆ ಹೊಟ್ಟೆ ಹಿಡಿದುಕೊಂಡು ಕೂತಳು. (ಒಂಬತ್ತು ವರ್ಷದ ಮಗುವಿನ ಬಾಯಲ್ಲಿ ಇಂಥ ಮಾತು ಹಾಕಿದ್ದಕ್ಕೆ ಮೇಘಾ ನನ್ನನ್ನು ಬಿಡಲಿಕ್ಕಿಲ್ಲ.)

ಮುಕ್ತಾಯ ಇ ಬರೆಯಲು ಪೆನ್ನು ಎತ್ತಿದಾಗ ಸಾಧನಾ ನೇರ ನನ್ನನ್ನೇ ನೋಡಿದಳು.

“ಅಂಕಲ್, ನೀವು ಆಚೆ ನೋಡಿ.”

“ಯಾಕೆ?”

“ನೀವು ನೋಡ್ತಾ ಇದ್ದರೆ ನಾನು ನಿಮಗೋಸ್ಕರ ಮಾಡಿದ ಹಾಗೆ ಆಗ್ತದೆ.”

ರಾಜಮತಿ ಅಮ್ಮ ಅಷ್ಟರಲ್ಲಿ ಮುಖವನ್ನು ಮೂಡಣಕ್ಕೆ ತಿರುಗಿಸಿ ಕೂತಿದ್ದರು. ಬೆನ್ನು ನೆಟ್ಟಗೆ, ಕಂಬಕ್ಕೆ ಒರಗದೆ. ಹಿಂದೆ ಎಲೆಯೋ ಡಬ್ಬಿಯೋ ಸಣ್ಣಗೆ ಸದ್ದು ಮಾಡಿತು. ಅವರು ತಿರುಗಲಿಲ್ಲ. ನಾನೂ ತಿರುಗಿ ಅವರ ಪಕ್ಕದಲ್ಲಿ ಕೂತೆ. ಘಟ್ಟದ ಸಾಲು ನೀಲಿಯಿಂದ ಕಪ್ಪಿಗೆ ಇಳಿಯುತ್ತಿತ್ತು.

ಓದುಗರೇ, ನೀವೂ ಸ್ವಲ್ಪ ಈ ಕಡೆ ಸರಿದು ಕೂತುಕೊಳ್ಳಿ. ಜಾಗ ಉಂಟು.